ಸೆಟ್‌ಟಾಪ್ ಬಾಕ್ಸಿಗೂ ಪೋರ್ಟಬಿಲಿಟಿ ಬೇಕು

ಮಾನ್ಯ ಸಂಪಾದಕರೇ,

ಕೇಬಲ್ ತೆಗೆಸಿ ಡಿಶ್ ಹಾಕಿಸಬೇಕೇ ಬೇಡವೇ ಎಂಬ ಮಾತು ಸಾಗರ ತಾಲ್ಲೂಕಿನ ನಮ್ಮ ಊರಿನಲ್ಲಿ ಪ್ರತಿ ಮಳೆಗಾಲದಲ್ಲೂ ಏಳುತ್ತದೆ. ಕಳೆದ ಪುನರ್ವಸು ಮಳೆಯ ಗಾಳಿಗೆ ರಸ್ತೆಯಂಚಿನ ಮರವೊಂದು ವಿದ್ಯುತ್ ಕಂಬದ ಮೇಲೆ ಬಿದ್ದು, ಕರೆಂಟು ಮೂರನೆಯ ದಿನಕ್ಕೆ ಬಂದರೂ ಕೇಬಲ್ ಬರಲು ಒಂಬತ್ತು ದಿನ ಹಿಡಿದಾಗ, ಧಾರಾವಾಹಿಯ ಕಥೆ ಕೈತಪ್ಪಿ ಹೋದ ಅತ್ತೆಯವರ ಒತ್ತಾಯಕ್ಕೆ ನಾನೂ ಈ ವಿಷಯವನ್ನು ಕೂಲಂಕಷವಾಗಿ ವಿಚಾರಿಸಿದೆ. ನಮ್ಮಂತೆಯೇ ಗೊಂದಲದಲ್ಲಿರುವ ಓದುಗರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಕೇಬಲ್ ಬೇರೆ, ಉಪಗ್ರಹ ಬೇರೆ ಎಂದು ನಾವು ಆಡುವ ಮಾತೇ ಪೂರ್ತಿ ಸರಿಯಲ್ಲ. ಕೇಬಲ್‌ನವರ ಕಂಟ್ರೋಲ್ ರೂಮಿಗೂ ಹೆಚ್ಚಿನ ಚಾನೆಲ್‌ಗಳು ಇಳಿಯುವುದು ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳಿಂದಲೇ. ಅವರು ದೊಡ್ಡ ಡಿಶ್‌ಗಳಲ್ಲಿ ಹಿಡಿಯುವುದು ಬಹುಮಟ್ಟಿಗೆ ಸಿ ಬ್ಯಾಂಡ್ ಎಂಬ, ತರಂಗಾಂತರ ಉದ್ದವಿರುವ ತರಂಗಗಳನ್ನಾದ್ದರಿಂದ ಮಳೆಯ ಕಾಟ ಅಷ್ಟಾಗಿ ತಟ್ಟುವುದಿಲ್ಲ. ಮನೆಯ ಮಾಡಿನ ಮೇಲಿನ ಸಣ್ಣ ಡಿಶ್‌ಗೆ ಬರುವುದು ಕೆಯು ಬ್ಯಾಂಡ್; ಅದರ ತರಂಗಾಂತರ ಎರಡೂವರೆ ಸೆಂಟಿಮೀಟರಿನ ಆಸುಪಾಸಿನಲ್ಲಿರುವುದರಿಂದ ದಪ್ಪ ಹನಿಯ ಮಳೆ ಅದನ್ನು ದಾರಿಯಲ್ಲೇ ಹೀರಿ, ಚದುರಿಸಿಬಿಡುತ್ತದೆ. ಬಯಲುಸೀಮೆಯವರಿಗೆ ಇದು ವರ್ಷದಲ್ಲಿ ನಾಲ್ಕಾರು ಸಂಜೆಗಳ ತೊಂದರೆಯಾದರೆ, ಮಲೆನಾಡಿನಲ್ಲಿ ಆರಿದ್ರಾದಿಂದ ಆಶ್ಲೇಷದವರೆಗೆ ಮಳೆ ಜೋರಾದಾಗಲೆಲ್ಲ ಪರದೆ ಖಾಲಿ. ಹಾಗೆಂದು ಕೇಬಲ್ ಗಟ್ಟಿಯೆನ್ನುವಂತೆಯೂ ಇಲ್ಲ. ದಾರಿಯುದ್ದಕ್ಕೂ ಕಂಬಗಳ ಮೇಲಿರುವ ಅದರ ಆಂಪ್ಲಿಫೈಯರ್‌ಗಳಿಗೆ ಕರೆಂಟು ಬೇಕು. ನಮ್ಮ ಮನೆಯ ಇನ್ವರ್ಟರಿನಿಂದ ದೀಪ ಉರಿಯುತ್ತಿದ್ದರೂ ಪಕ್ಕದ ಊರಿನಲ್ಲಿ ಕರೆಂಟು ಹೋದರೆ ನಮ್ಮ ಟಿ.ವಿ. ಮುಗಿಯಿತು. ಡಿಶ್‌ಗೆ ಈ ಹಂಗಿಲ್ಲ.

ಡಿಶ್ ಕೂರಿಸುವ ಹುಡುಗನನ್ನು ಕರೆಸಿಯೂ ನೋಡಿದೆವು. ನಮ್ಮ ರಾಜ್ಯದಿಂದ ನೋಡಿದರೆ ಡಿಟಿಎಚ್ (ಉಪಗ್ರಹದಿಂದ ನೇರವಾಗಿ ಮನೆಯ ಡಿಶ್‌ಗೆ ಬರುವ ಸೇವೆ) ಉಪಗ್ರಹಗಳು ದಕ್ಷಿಣಕ್ಕೂ ಪೂರ್ವಕ್ಕೂ ನಡುವೆ, ಹೆಚ್ಚಾಗಿ ಆಗ್ನೇಯದತ್ತ ಇವೆ. ಆಕಾಶದಲ್ಲಿ ಸಾಕಷ್ಟು ಮೇಲಿರುವುದರಿಂದ ದೂರದ ಗುಡ್ಡ ಅಡ್ಡ ಬರುವುದಿಲ್ಲ, ಮನೆಗೆ ತಾಗಿಕೊಂಡ ಮರ ಅಡ್ಡ ಬರುತ್ತದೆ. ನಮ್ಮ ಮನೆಯ ಆಗ್ನೇಯ ಮೂಲೆಯಲ್ಲಿ ಮಾವನವರು ನೆಟ್ಟ ಹಲಸಿನ ಮರವಿದೆ. ಹುಡುಗ ಮಾಡಿನ ಮೇಲೆ ನಿಂತು ಅರ್ಧ ಗಂಟೆ ಮೀಟರ್ ತಿರುಗಿಸಿ, "ಅಕ್ಕಾ, ಈ ಎರಡು ಕೊಂಬೆ ಕಡಿಸಿದ್ರೆ ಮಾತ್ರ ಸಿಗ್ನಲ್" ಎಂದ. ಆ ಎರಡೇ ಕೊಂಬೆಗಳಲ್ಲಿ ಕಾಯಿ ಜಾಸ್ತಿ ಬಿಡುವುದು. ಕೊನೆಗೆ ಅಂಗಳದಾಚೆ ಅಡಿಕೆ ಒಣಗಿಸುವ ಚಪ್ಪರದ ಕಂಬಕ್ಕೆ ಹಿಡಿದು ನೋಡಿದಾಗ ಸಿಗ್ನಲ್ ಚೆನ್ನಾಗಿ ಬಂತು. ಆದ್ದರಿಂದ ಹಣ ಕಟ್ಟುವ ಮೊದಲು ಮೀಟರ್ ಹಿಡಿಸಿ ನೋಡಿ ಎಂಬುದು ನನ್ನ ಸಲಹೆ.

ಹಣದ ಲೆಕ್ಕದಲ್ಲಿ ನಾನು ಅಂದುಕೊಂಡಷ್ಟು ವ್ಯತ್ಯಾಸ ಕಾಣಲಿಲ್ಲ. 2019ರ ಫೆಬ್ರುವರಿಯಲ್ಲಿ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಹೊಸ ದರ ಪದ್ಧತಿ ಬಂದ ಮೇಲೆ ಹಣ ಕೊಟ್ಟು ನೋಡುವ ಪೇ ಚಾನೆಲ್‌ಗಳಿಗೆ ಗರಿಷ್ಠ ಬೆಲೆ ಗೊತ್ತುಮಾಡುವವರು ಚಾನೆಲ್‌ನವರೇ. ಅದು ಕೇಬಲ್‌ಗೂ ಡಿಟಿಎಚ್‌ಗೂ ಅನ್ವಯಿಸುತ್ತದೆ. ಅದರ ಮೇಲಿನ ಸಂಪರ್ಕ ಶುಲ್ಕಕ್ಕೆ ತಿಂಗಳಿಗೆ 130 ರೂಪಾಯಿ, ಶೇ 18ರ ತೆರಿಗೆ ಸೇರಿ 153 ರೂಪಾಯಿ 40 ಪೈಸೆಯ ಮಿತಿಯಿತ್ತು. 2024ರ ಜುಲೈನಲ್ಲಿ ಟ್ರಾಯ್ ಆ ಮಿತಿಯನ್ನು ತೆಗೆದುಹಾಕಿದ್ದರಿಂದ ಈಗ ಪ್ರತಿಯೊಬ್ಬರನ್ನೂ ಕೇಳಿಯೇ ತಿಳಿಯಬೇಕು. ತಿಂಗಳ ಬಾಡಿಗೆಯೇ ಇಲ್ಲದ ದೂರದರ್ಶನದ ಫ್ರೀ ಡಿಶ್ 2004ರಿಂದ ಇದ್ದು, ಚಂದನ ವಾಹಿನಿಯಷ್ಟೇ ಸಾಕೆನ್ನುವವರಿಗೆ ಅದಕ್ಕಿಂತ ಅಗ್ಗದ ದಾರಿಯಿಲ್ಲ. ಅತ್ತೆಯವರ ಧಾರಾವಾಹಿಯ ಪೇ ಚಾನೆಲ್ ಅದರಲ್ಲಿ ಬರುವುದಿಲ್ಲವಾಗಿ ನಮ್ಮಲ್ಲಿ ಆ ಮಾತು ಅಲ್ಲಿಗೇ ನಿಂತಿತು.

ದರಪಟ್ಟಿಯಲ್ಲಿ ಬರೆಯದ ಲೆಕ್ಕವೂ ಒಂದಿದೆ. ಡಿಟಿಎಚ್‌ನಲ್ಲಿ ಹಣ ಮುಗಿದ ದಿನ ಚಿತ್ರ ನಿಲ್ಲುತ್ತದೆ; ಕೇಬಲ್ ಹುಡುಗ "ಅಡಿಕೆ ಕೊಟ್ಟ ಮೇಲೆ ಕೊಡಿ" ಎಂದು ತನ್ನ ಕೈಯಿಂದ ರೀಚಾರ್ಜ್ ಮಾಡುತ್ತಾನೆ. ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯನ್ನು, ನಡೆಯಲಾರದ ಅತ್ತೆಯವರು ಕುಳಿತಲ್ಲೇ ನೋಡಿದ್ದು ಕೇಬಲ್‌ನ ಸ್ಥಳೀಯ ಚಾನೆಲ್‌ನಲ್ಲಿ. ಇದೇ ಹುಡುಗ ಆ ಒಂಬತ್ತು ದಿನಗಳ ಹಣವನ್ನೂ ಪೂರ್ತಿ ವಸೂಲು ಮಾಡಿದ ಎಂಬುದನ್ನೂ ಹೇಳಬೇಕು. ಸೇವೆ ಸತತ 72 ಗಂಟೆಗಿಂತ ಹೆಚ್ಚು ನಿಂತುಹೋದರೆ ಅಷ್ಟು ದಿನಗಳ ಶುಲ್ಕದಲ್ಲಿ ರಿಯಾಯಿತಿ ಕೊಡಬೇಕೆಂದು ಟ್ರಾಯ್‌ನ 2017ರ ಸೇವಾ ಗುಣಮಟ್ಟದ ನಿಯಮಗಳಲ್ಲಿದೆ. ಹಣ ಕೊಟ್ಟಾಗ ನನಗದು ಗೊತ್ತಿರಲಿಲ್ಲ. ಆಮೇಲೆ ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

ಇಷ್ಟೆಲ್ಲ ತೂಗಿ ನೋಡಿದ ಮೇಲೂ ನಮ್ಮ ಕೈ ಕಟ್ಟಿಹಾಕಿದ್ದು ಮಳೆಯೂ ಅಲ್ಲ, ಹಲಸಿನ ಮರವೂ ಅಲ್ಲ, ಟಿ.ವಿ.ಯ ಕೆಳಗಿರುವ ಪೆಟ್ಟಿಗೆ. ಕೇಬಲ್ ಡಿಜಿಟಲ್ ಆದಾಗ ನಾವು ದುಡ್ಡು ಕೊಟ್ಟು ಕೊಂಡ ಸೆಟ್‌ಟಾಪ್ ಬಾಕ್ಸ್ ಡಿಟಿಎಚ್‌ಗೆ ಬರುವುದಿಲ್ಲ. ಒಂದು ಡಿಟಿಎಚ್ ಕಂಪನಿಯ ಬಾಕ್ಸ್ ಇನ್ನೊಂದಕ್ಕೆ ಆಗುವುದಿಲ್ಲ. ಡಿಶ್ ಹಾಕಿಸಿ ಒಂದು ಮಳೆಗಾಲ ನೋಡಿ, ಸರಿಹೋಗದಿದ್ದರೆ ಮರಳೋಣವೆಂದರೆ ಎರಡು ಸಲ ದಂಡ ತೆರಬೇಕು. ಮೊಬೈಲ್ ನಂಬರನ್ನು ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ (ಪೋರ್ಟಬಿಲಿಟಿ) 2011ರಿಂದ ದೇಶದಾದ್ಯಂತ ಇದೆ. ಕೇಬಲ್‌ನ ಬಾಕ್ಸ್ ಯಾವ ಕೇಬಲ್ ಕಂಪನಿಗಾದರೂ, ಡಿಟಿಎಚ್‌ನ ಬಾಕ್ಸ್ ಯಾವ ಡಿಟಿಎಚ್ ಕಂಪನಿಗಾದರೂ ಹೊಂದುವಂತಿರಬೇಕೆಂದು ಟ್ರಾಯ್ 2020ರ ಏಪ್ರಿಲ್‌ನಲ್ಲಿ ಸರ್ಕಾರಕ್ಕೆ ಶಿಫಾರಸು ಮಾಡಿತು. ನಮ್ಮ ಅಂಗಡಿಗಳಿಗೆ ಮಾತ್ರ ಅಂಥ ಪೆಟ್ಟಿಗೆ ಬಂದಿಲ್ಲ. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಆ ಶಿಫಾರಸನ್ನು ಜಾರಿಗೆ ತಂದು, ಕೇಬಲ್‌ನಿಂದ ಡಿಟಿಎಚ್‌ಗೆ ಹೋಗುವವರಿಗೂ ಅದನ್ನು ವಿಸ್ತರಿಸಬೇಕೆಂದೂ, ನಮ್ಮ ಸಂಸದರು ಇದನ್ನು ಸದನದಲ್ಲಿ ಪ್ರಸ್ತಾಪಿಸಬೇಕೆಂದೂ ಕೋರುತ್ತೇನೆ.

ಸದ್ಯಕ್ಕೆ ಕೇಬಲ್ಲನ್ನೇ ಉಳಿಸಿಕೊಂಡಿದ್ದೇವೆ. ಒಂಬತ್ತು ದಿನಗಳ ಹಣಕ್ಕೆ ಲಿಖಿತ ಅರ್ಜಿ ಕೊಟ್ಟಿದ್ದು, ಉತ್ತರ ಬಂದ ಮೇಲೆ ಮುಂದಿನ ಮಾತು.

— ಒಬ್ಬ ಗೃಹಿಣಿ, ಸಾಗರ ತಾಲ್ಲೂಕು