ನೊರೆಯೊಂದಿಗೆ ಕಡಲು ಸೇರುವ ಪ್ಲಾಸ್ಟಿಕ್

ಮಾನ್ಯರೇ,

ಮುಖಕ್ಕೆ ಹಚ್ಚುವ ಸ್ಕ್ರಬ್‌, ಟೂತ್‌ಪೇಸ್ಟ್‌ ಹಾಗೂ ಉಜ್ಜಿ ತೊಳೆಯುವ ಕೆಲವು ದ್ರಾವಣಗಳಿಗೆ ಬೆರೆಸುತ್ತ ಬಂದಿರುವ ಮೈಕ್ರೋಬೀಡ್ ಎಂಬ ಪ್ಲಾಸ್ಟಿಕ್ ಕಾಳುಗಳು ಬಹುತೇಕ ಒಂದು ಮಿಲಿಮೀಟರಿಗಿಂತಲೂ ಚಿಕ್ಕವು. ಅಂಥ ಸ್ಕ್ರಬ್ಬನ್ನು ಬಿಸಿನೀರಿನಲ್ಲಿ ಕದಡಿ ಬಿಳಿ ಬಟ್ಟೆಯಲ್ಲಿ ಸೋಸಿದರೆ, ನೊರೆಯೆಲ್ಲ ಇಳಿದುಹೋಗಿ ಕರಗದ ಬಣ್ಣದ ಕಾಳುಗಳಷ್ಟೇ ಬಟ್ಟೆಗೆ ಅಂಟಿಕೊಳ್ಳುತ್ತವೆ. ಬಚ್ಚಲ ನೀರು ಸಂಸ್ಕರಣೆಯಿಲ್ಲದೆ ತೋಡಿಗೆ ಬೀಳುವ ಕಡೆಗಳಲ್ಲಿ ಇವುಗಳಿಗೆ ತಡೆಯೇ ಇಲ್ಲ. ನೇತ್ರಾವತಿ, ಫಲ್ಗುಣಿ ನದಿಗಳ ಮೂಲಕ ಅಳಿವೆ ದಾಟಿ ಕಡಲು ಸೇರುತ್ತವೆ. ನೀರನ್ನು ಸೋಸಿಯೇ ಆಹಾರ ಪಡೆಯುವ ಮರುವಾಯಿ ಎಂಬ ಚಿಪ್ಪುಜೀವಿ ಇಂಥ ಕಣಗಳನ್ನೂ ಒಳಗೆಳೆದುಕೊಳ್ಳುತ್ತದೆ. ಬಂಗುಡೆಯಾದರೆ ಕರುಳು ತೆಗೆದು ಸ್ವಚ್ಛ ಮಾಡುತ್ತೇವೆ, ಮರುವಾಯಿಯ ಮಾಂಸವನ್ನು ಇಡಿಯಾಗಿಯೇ ಪಲ್ಯಕ್ಕೆ ಹಾಕುತ್ತೇವೆ.

ಅಮೆರಿಕ 2015ರಲ್ಲಿ ಈ ಕಾಳುಗಳ ನಿಷೇಧಕ್ಕೆಂದೇ ಕಾನೂನು ಮಾಡಿತಾದರೂ ಅದು ತೊಳೆದು ತೆಗೆಯುವ ಸೌಂದರ್ಯವರ್ಧಕ ಮತ್ತು ಟೂತ್‌ಪೇಸ್ಟ್‌ಗಳಿಗೆ ಸೀಮಿತ. ಐರೋಪ್ಯ ಒಕ್ಕೂಟದ 2023ರ ನಿಯಮ ಶುಚಿಕಾರಕಗಳನ್ನೂ ಒಳಗೊಂಡಿದ್ದು, ನಾವು ಅನುಸರಿಸಬೇಕಾದುದು ಇದೇ ದಾರಿ ಎಂಬುದು ನನ್ನ ದೃಢ ಅಭಿಪ್ರಾಯ. ಭಾರತೀಯ ಮಾನಕ ಬ್ಯೂರೋ ಸೌಂದರ್ಯವರ್ಧಕಗಳಲ್ಲಿ ಈ ಕಾಳುಗಳ ಬಳಕೆ ಸುರಕ್ಷಿತವಲ್ಲವೆಂದು 2017ರಲ್ಲೇ ಹೇಳಿದೆ. ಆದರೆ ನೆಲ, ಪಾತ್ರೆ ತೊಳೆದ ನೀರೂ ಅದೇ ತೋಡಿಗೆ ಹೋಗುತ್ತದಲ್ಲವೇ?

ಕಡಲೆಹಿಟ್ಟು, ಅಕ್ಕಿಹಿಟ್ಟು, ಉಪ್ಪು, ತೆಂಗಿನ ನಾರು ಮಾಡುವ ಕೆಲಸಕ್ಕೆ ಪ್ಲಾಸ್ಟಿಕ್ ಬೇಕಿಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಅಂಗಡಿಗಳಲ್ಲಿರುವ ಇಂಥ ಉತ್ಪನ್ನಗಳನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸಬೇಕು. ಈ ಕಾಳುಗಳನ್ನು ಹೆಚ್ಚಾಗಿ ತಯಾರಿಸುವ ಪ್ಲಾಸ್ಟಿಕ್ ಆದ ‘ಪಾಲಿಥಿಲೀನ್’ ಇದ್ದರೆ ಅದನ್ನು ಡಬ್ಬಿಯ ಮುಂಭಾಗದಲ್ಲೇ ಕನ್ನಡದಲ್ಲಿ ದಪ್ಪಕ್ಷರಗಳಲ್ಲಿ ಮುದ್ರಿಸುವಂತೆ ಸರ್ಕಾರ ಆದೇಶಿಸಬೇಕು.

– ಓರ್ವ ಓದುಗ, ಬೋಳಾರ, ಮಂಗಳೂರು