ಸುಂಡೆ ಗಿಡವನ್ನು ಕಳೆ ಅಂತ ಕಡಿಯಬೇಡಿ

ಸಂಪಾದಕರೇ,

ಅಂಕೋಲಾ, ಕುಮಟಾ ಕಡೆ ಮಳೆಗಾಲದಲ್ಲಿ ಬದನೆ ನೆಟ್ಟವರಿಗೆಲ್ಲ ಈ ಕಷ್ಟ ಗೊತ್ತು. ಬೆಳಿಗ್ಗೆ ಚೆನ್ನಾಗಿದ್ದ ಗಿಡ ಸಂಜೆಗೆ ಜೋತುಬಿದ್ದಿರುತ್ತದೆ, ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ, ನಾಲ್ಕು ದಿನದಲ್ಲಿ ಗಿಡವೇ ಇಲ್ಲ. ಸೊರಗು ರೋಗ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ಬೇರಿನಿಂದ ಒಳಗೆ ಹೋಗಿ ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಹೋದ ಮಳೆಗಾಲ ನಾನು ತಂದು ನೆಟ್ಟ ಸಸಿಗಳಲ್ಲಿ ಮುಕ್ಕಾಲು ಪಾಲು ಹೀಗೇ ಹೋದವು. ಅದೇ ಹಿತ್ತಲಿನ ಬೇಲಿ ಬುಡದಲ್ಲಿ, ಯಾರೂ ನೆಡದ, ಗೊಬ್ಬರ ಕಾಣದ ಸುಂಡೆ ಗಿಡ ಮಾತ್ರ ಆಳೆತ್ತರ ಬೆಳೆದು ಗೊಂಚಲು ಗೊಂಚಲು ಕಾಯಿ ಬಿಟ್ಟಿತ್ತು.

ಸುಂಡೆ ಬದನೆಯ ಹತ್ತಿರದ ನೆಂಟ. ಅದರ ಬೇರಿಗೆ ಈ ರೋಗ ಸುಲಭಕ್ಕೆ ತಾಗುವುದಿಲ್ಲ. ಅದಕ್ಕೇ ಸುಂಡೆ ಸಸಿಯ ಮೇಲೆ ಬದನೆ ಕುಡಿ ಕಸಿ ಕಟ್ಟುತ್ತಾರೆ. ಇವೆರಡನ್ನೂ ಕೂಡಿಸಿ ಬೀಜದ ತಳಿ ಮಾಡುವುದು ಕಷ್ಟ, ಹುಟ್ಟಿದ ಗಿಡ ಹೆಚ್ಚಾಗಿ ಬರಡಾಗುತ್ತದೆ.

ಬೆಂಡೆಯಲ್ಲಿ ತಳಿ ಮಾಡುವ ಕೆಲಸವೂ ಆಗಿದೆ. ಬೆಂಗಳೂರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಎಲೆ ಹಳದಿಯಾಗುವ ನಂಜು ರೋಗ ತಡೆಯಲಿಕ್ಕೆ ಕಾಡುಬೆಂಡೆಯ ಗುಣ ತಂದು 'ಅರ್ಕಾ ಅನಾಮಿಕಾ' ತಳಿ ಮಾಡಿದರು. ಒಮ್ಮೆ ಕೂಡಿಸಿದರೆ ಮುಗಿಯುವ ಕೆಲಸ ಅಲ್ಲ ಅದು, ಬಂದ ಗಿಡವನ್ನು ಮತ್ತೆ ಮತ್ತೆ ಊರಬೆಂಡೆಗೆ ಕೂಡಿಸಿ, ಕಾಡಿನ ಬೇಡದ ಗುಣಗಳನ್ನೆಲ್ಲ ಕಳೆದು, ರೋಗ ತಡೆಯುವ ಗುಣ ಒಂದನ್ನು ಉಳಿಸಿಕೊಳ್ಳಲಿಕ್ಕೆ ವರ್ಷಗಟ್ಟಲೆ ಬೇಕು. ಅಷ್ಟಾದರೂ ರೋಗ ಸುಮ್ನೆ ಕೂರುವುದಿಲ್ಲ. ಒಂದು ಕಾಲಕ್ಕೆ ತಡೆದುಕೊಂಡ ತಳಿಗಳಿಗೂ ಈಗ ಹಲವು ಕಡೆ ಹಳದಿ ಬರುತ್ತಿದೆ. ಮತ್ತೆ ಕಾಡುಬೆಂಡೆಯನ್ನೇ ಹುಡುಕಬೇಕು. ಆಗ ಅದು ಇರಬೇಕಲ್ವಾ?

ಎಲ್ಲಾದರೂ ಒಂದು ಕಡೆ ಇದ್ದರೆ ಸಾಕು ಅನ್ನುವವರಿದ್ದಾರೆ. ಸಾಲದು. ಭತ್ತಕ್ಕೆ ಕುಳ್ಳು ನಂಜು ರೋಗ ಬಂದಾಗ ಫಿಲಿಪೈನ್ಸ್‌ನ ಅಕ್ಕಿ ಸಂಶೋಧನಾ ಕೇಂದ್ರದವರು 6,000ಕ್ಕಿಂತ ಜಾಸ್ತಿ ಮಾದರಿ ಪರೀಕ್ಷೆ ಮಾಡಿದ್ದರು. ರೋಗ ತಡೆಯುವ ಗುಣ ಸಿಕ್ಕಿದ್ದು ಉತ್ತರ ಪ್ರದೇಶದಿಂದ ಹೋದ ಒಂದೇ ಒಂದು ಕಾಡುಭತ್ತದ ಮಾದರಿಯಲ್ಲಿ. ಅದೇ ಜಾತಿಯ ಬೇರೆ ಗಿಡಗಳಲ್ಲಿ ಅದು ಇರಲಿಲ್ಲ.

ಇನ್ನು ಉಪ್ಪು. ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆ, ಅದರ ಪಕ್ಕದ ಬಾವಿಗಳು ಬೇಸಿಗೆಯಲ್ಲಿ ಸವಳಾದರೆ ತರಕಾರಿ ಬೆಳೆಯುವುದು ಹೇಗೆ? ಗಲಾಪಗೋಸ್ ದ್ವೀಪಗಳ ಕಡಲಂಚಿನಲ್ಲಿ ಒಂದು ಕಾಡು ಟೊಮೆಟೊ ಇದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಸಮುದ್ರದ ನೀರಿನಷ್ಟೇ ಉಪ್ಪು ಕೊಟ್ಟು ನೋಡಿದರೂ ಅದು ಬದುಕಿತು. ನಮ್ಮ ಕಡಲ ದಂಡೆಯ ಗಿಡಗಳನ್ನು ಹಾಗೆ ಯಾರಾದರೂ ಕೂತು ನೋಡಬೇಕು ಅಂತ ನನ್ನ ಆಸೆ.

ಆದರೆ ಇಲ್ಲಿ ಆಗುತ್ತಿರುವುದೇ ಬೇರೆ. ರಸ್ತೆ ಅಂಚು, ಬೇಣ, ಹಾಡಿ ಎಲ್ಲ ಕಡೆ ಜೆಸಿಬಿ, ಉಳಿದಲ್ಲಿ ಕಳೆನಾಶಕ. ಕಾಡುಹಾಗಲ, ಕಾಡುಬೆಂಡೆ, ಸುಂಡೆ ಎಲ್ಲ ಒಟ್ಟಿಗೇ ಸುಟ್ಟುಹೋಗುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ದಾಖಲಾತಿ ಅಂತ ಇರಬೇಕು ಎಂದು 2002ರ ಕಾನೂನು ಬಂದಿದೆ. ಅದರಲ್ಲಿ ಈ ಗಿಡಗಳನ್ನು ಜಾಗದ ಸಮೇತ ಬರೆಯಿರಿ. ಎಲ್ಲಿ ಯಾವ ಗಿಡ ಇದೆ ಅಂತ ನಮ್ಮ ಹಾಲಕ್ಕಿ ಹೆಂಗಸರನ್ನು ಕೇಳಿ, ಪೇಟೆಗೆ ತರಕಾರಿ ತರುವವರೇ ಅವರು. ಶಿರಸಿಯ ತೋಟಗಾರಿಕಾ ಕಾಲೇಜಿನವರು ಬೀಜ ಸಂಗ್ರಹಿಸಿ, ಘಟ್ಟದ ಕೆಳಗಿನ ನಮಗೆ ಕಸಿ ಕಟ್ಟುವುದನ್ನು ಕಲಿಸಿಕೊಟ್ಟರೆ ದೊಡ್ಡ ಉಪಕಾರ. ಕಲಿಸುವುದಾದರೆ ಮಾರ್ಚ್ ಒಳಗೇ ಬನ್ನಿ. ಸುಂಡೆ ಬೀಜ ಮೊಳೆಯುವುದು ನಿಧಾನ, ಬದನೆಗಿಂತ ಕೆಲವು ವಾರ ಮೊದಲೇ ಪಾತಿಗೆ ಹಾಕಬೇಕು. ನಮ್ಮ ಬೇಲಿಯ ಗಿಡದ ಬೀಜ ಒಣಗಿಸಿ ಇಟ್ಟಿದ್ದೇನೆ, ಬೇಕಾದವರಿಗೆ ಕೊಡುತ್ತೇನೆ.

— ತರಕಾರಿ ಬೆಳೆಗಾರ, ಅಂಕೋಲಾ ತಾಲ್ಲೂಕು