ಭಾನುವಾರ ಹ್ಯಾಂಡಲ್ ರಿಪೇರಿಗೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 9ಕ್ಕೆ ನಮ್ಮ ಮನೆಯಲ್ಲಿ ಬೈಕಿನ ಕ್ಲಚ್ ಕೇಬಲ್, ಲಿವರ್, ಸ್ವಿಚ್ ರಿಪೇರಿ. ಆರು ಬೈಕಿಗಷ್ಟೇ ಜಾಗ.

ಬರುವ ಮೊದಲು ಲಿವರ್ ಹತ್ತಿರ ಕೇಬಲ್ ತುದಿ ನೋಡಿ. ನನ್ನದರಲ್ಲಿ ಎರಡು ಎಳೆ ಕಿತ್ತು ಬೆಕ್ಕಿನ ಮೀಸೆ ಥರ ನಿಂತಿದ್ದವು. ಹಾಗಿದ್ದರೆ ಸುಮ್ನೆ ಎಣ್ಣೆ ಬಿಡಬೇಡಿ, ಹೊಸ ಕೇಬಲ್ ತನ್ನಿ.

ಸ್ವಿಚ್ ಬಿಚ್ಚುವವರು ಮೊದಲು ಫೋಟೋ ತೆಗೆದು, ಬ್ಯಾಟರಿಯ ನೆಗೆಟಿವ್ ವೈರ್ ಕಳಚಬೇಕು.

ಎತ್ತರದ ಹ್ಯಾಂಡಲ್ ಹಾಕಿಕೊಂಡವರು ಬೈಕನ್ನು ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ. ಎಂಜಿನ್ ಸದ್ದು ಏರಿತಾ? ಥ್ರಾಟಲ್ (ಆಕ್ಸಿಲರೇಟರ್) ಕೇಬಲ್ ಬಿಗಿಯಾಗಿ ಎಳೆಯುತ್ತಿರಬಹುದು. ಹಾಗೇ ಓಡಿಸಿಕೊಂಡು ಬರಬೇಡಿ. ಬ್ರೇಕ್ ಹೋಸ್ (ಬ್ರೇಕ್ ಎಣ್ಣೆ ಹೋಗುವ ಪೈಪ್) ಈ ಸಲ ಮುಟ್ಟುವುದಿಲ್ಲ.

ಶುಕ್ರವಾರ ರಾತ್ರಿಯೊಳಗೆ ಬೈಕ್ ಮಾಡೆಲ್ ಬರೆದು ತಿಳಿಸಿ. 10ನೇ ನಂಬರ್ ಸ್ಪ್ಯಾನರ್ ಇದ್ದವರು ತನ್ನಿ, ನನ್ನದು ಹೋದ ಸಲ ಯಾರದೋ ಚೀಲ ಸೇರಿದೆ!